ದ್ವೀಪ ಕೊಳ್ಳೋಣವೋ, ಹಡಗು ಕೊಳ್ಳೋಣವೋ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಶಿವಮೊಗ್ಗ ಜಿಲ್ಲೆಯ ಸಾಗರ ಪಟ್ಟಣದಲ್ಲಿ ಪತ್ರ ಬರಹಗಾರ. ಕ್ರಯಪತ್ರ, ವಿಭಾಗಪತ್ರ, ವಿಲ್ಲು, ಕರಾರು ಬರೆಯುವುದು ನನ್ನ ಕಸುಬು. ಈಚಿನ ಕೆಲವು ವರ್ಷಗಳಿಂದ ಹೊಸ ಥರದ ಗಿರಾಕಿಗಳು ಬರುತ್ತಿದ್ದಾರೆ. ಬೆಂಗಳೂರಿನ ಕೆಲಸವನ್ನು ಲ್ಯಾಪ್‌ಟಾಪಿನಲ್ಲಿ ಕಟ್ಟಿಕೊಂಡು ಊರಿಗೆ ಮರಳಿದ ಹುಡುಗರು, ಅವರ ಸ್ನೇಹಿತರು, ಒಮ್ಮೊಮ್ಮೆ ರಿಟೈರಾದ ಮೇಷ್ಟ್ರುಗಳೂ. "ಹತ್ತು ಮನೆಯವರು ಸೇರಿ ಒಂದು ತೋಟ ತಗೊಂಡು ಒಟ್ಟಿಗೆ ಇರೋಣ ಅಂತಿದ್ದೇವೆ" ಎಂದು ಮಾತು ಶುರುವಾಗುತ್ತದೆ. ಎರಡನೇ ಚಹಾಕ್ಕೆ "ದ್ವೀಪವೇ ಸಿಕ್ಕಿದ್ರೆ?" ಎನ್ನುತ್ತಾರೆ. ಮುಂದಿನ ಸಲ ಬರುವಾಗ ಹಡಗಿನ ಚಿತ್ರ ಹಿಡಿದುಕೊಂಡು ಬರುತ್ತಾರೆ. ಎಲ್ಲರಿಗೂ ಅದನ್ನೇ ಹೇಳಿ ಬಾಯಿ ಒಣಗಿದ್ದರಿಂದ ಬರೆದಿಟ್ಟಿದ್ದೇನೆ. ನಾನು ವಕೀಲನಲ್ಲ, ಕೈಯಿಂದ ದುಡ್ಡು ಬಿಡುವ ಮೊದಲು ಒಬ್ಬ ವಕೀಲರನ್ನು ಕಾಣಿ.

ದ್ವೀಪವನ್ನು ದುಡ್ಡು ಕೊಟ್ಟು ಕೊಂಡರೆ ಅದು ನಮ್ಮದೇ ದೇಶ ಆಗುತ್ತಲ್ವಾ?

ಆಗುವುದಿಲ್ಲ. ನಿಮ್ಮ ಅಡಿಕೆ ತೋಟದ ಪಹಣಿ ನಿಮ್ಮ ಹೆಸರಿನಲ್ಲಿದೆ. ಹಾಗಂತ ಅಲ್ಲಿ ಗಂಧದ ಮರ ಕಡಿದರೆ ಫಾರೆಸ್ಟಿನವರು ಬರದೆ ಇರುತ್ತಾರಾ? ಮಾರುವವನ ಹತ್ತಿರ ಇರುವುದು ಒಡೆತನ. ಅವನು ಕೊಡಬಹುದಾದದ್ದೂ ಅಷ್ಟೇ. ಆಳುವ ಅಧಿಕಾರ ಅವನ ಕೈಯಲ್ಲಿ ಎಂದೂ ಇರಲಿಲ್ಲ, ಆದ್ದರಿಂದ ಕ್ರಯಪತ್ರದಲ್ಲಿ ಅದನ್ನು ಬರೆಯಲು ಬರುವುದಿಲ್ಲ. ಪ್ರಪಂಚದಲ್ಲಿ ಖಾಸಗಿ ದ್ವೀಪಗಳು ಮಾರಾಟಕ್ಕೆ ಬೇಕಾದಷ್ಟಿವೆ. ಒಂದೊಂದೂ ಯಾವುದೋ ಒಂದು ದೇಶದ ಭೂ ದಾಖಲೆಯಲ್ಲಿ ಒಂದು ಸರ್ವೆ ನಂಬರು, ಅಷ್ಟೇ.

ಇನ್ನೊಂದು ಮಾತನ್ನು ನಗುನಗುತ್ತಲೇ ಹೇಳುತ್ತೇನೆ, ಆದರೆ ನಗುವ ವಿಷಯವಲ್ಲ. ಭಾರತದ ನೆಲದ ಒಂದು ತುಂಡನ್ನು "ಇದು ಬೇರೆ ದೇಶ" ಎಂದು ಗಂಭೀರವಾಗಿ ಸಾರಹೊರಟರೆ ಭಾರತೀಯ ನ್ಯಾಯ ಸಂಹಿತೆಯ 152ನೇ ಕಲಂ ಇದೆ. ಜೀವಾವಧಿಯವರೆಗೂ ಶಿಕ್ಷೆ ಬರೆದಿದ್ದಾರೆ. ಬೋರ್ಡು ಬರೆಸುವ ಮೊದಲು ಓದಿಕೊಳ್ಳಿ.

ಅಷ್ಟು ದೂರ ಯಾಕೆ, ಲಿಂಗನಮಕ್ಕಿ ಹಿನ್ನೀರಿನಲ್ಲೇ ಎಷ್ಟೊಂದು ನಡುಗಡ್ಡೆ ಇದೆಯಲ್ಲ. ಅದರಲ್ಲೊಂದು ಸಿಗುತ್ತಾ?

ನನಗೆ ಅತಿ ಹೆಚ್ಚು ಸಲ ಬಂದ ಪ್ರಶ್ನೆ ಇದು. ಹೊನ್ನೇಮರಡಿನಲ್ಲಿ ಒಂದು ರಾತ್ರಿ ಟೆಂಟು ಹಾಕಿ ಮಲಗಿ ಬಂದವರೆಲ್ಲ ಸೋಮವಾರ ನನ್ನ ಮೇಜಿನ ಮುಂದೆ ಇರುತ್ತಾರೆ.

ಆ ನಡುಗಡ್ಡೆಗಳು ಹುಟ್ಟಿನಿಂದ ದ್ವೀಪಗಳಲ್ಲ, ಮುಳುಗಿದ ಊರುಗಳ ಗುಡ್ಡದ ತಲೆಗಳು. 1964ರಲ್ಲಿ ಅಣೆಕಟ್ಟು ಮುಗಿದು ನೀರು ನಿಂತಾಗ ಗದ್ದೆ, ತೋಟ, ದೇವಸ್ಥಾನ ಎಲ್ಲ ಕೆಳಗೆ ಹೋಯಿತು. ಅದಕ್ಕೂ ಮೊದಲಿನ ಹಿರೇಭಾಸ್ಕರ ಅಣೆಕಟ್ಟೇ ಹೊಸ ಅಣೆಕಟ್ಟಿನ ನೀರಿನಲ್ಲಿ ಮುಳುಗಿತು. ಬರದ ವರ್ಷ ನೀರು ತಳ ಕಂಡಾಗ ಅದು ಎದ್ದು ಕಾಣುತ್ತದೆ, ಜನ ನೋಡಲು ಹೋಗುತ್ತಾರೆ. ಮುಳುಗಡೆಗೆ ಸ್ವಾಧೀನವಾದ ನೆಲ ಸರ್ಕಾರದ್ದು, ವಿದ್ಯುತ್ ನಿಗಮದ್ದು, ಇಲ್ಲವೇ ಅರಣ್ಯದ್ದು. ಸುತ್ತಮುತ್ತ ಬಹಳಷ್ಟು ಭಾಗ ಶರಾವತಿ ಕಣಿವೆ ಅಭಯಾರಣ್ಯ. 2019ರಲ್ಲಿ ಸಿಂಗಳೀಕದ ಹೆಸರು ಸೇರಿಸಿ ಅದನ್ನು ಇನ್ನೂ ಹಿಗ್ಗಿಸಿದ್ದಾರೆ. ಯಾರಾದರೂ "ನಮ್ಮ ಅಜ್ಜನ ಜಾಗ, ನೂರು ರೂಪಾಯಿ ಬಾಂಡಿನಲ್ಲಿ ಕರಾರು ಮಾಡಿಕೊಡ್ತೀನಿ" ಎಂದರೆ ಅಡ್ವಾನ್ಸು ಕೊಡಬೇಡಿ. ಅಜ್ಜನ ಜಾಗ ಎಂಬುದು ನಿಜವೇ ಇರಬಹುದು. ಆ ಅಜ್ಜನಿಗೆ ಪರಿಹಾರ ಕೊಟ್ಟು ಎಬ್ಬಿಸಿದ್ದೂ ಅಷ್ಟೇ ನಿಜ. ಅವನ ಮೊಮ್ಮಕ್ಕಳಲ್ಲಿ ಎಷ್ಟೋ ಜನರಿಗೆ ಪುನರ್ವಸತಿಯ ನೆಲಕ್ಕೆ ಇವತ್ತಿಗೂ ಹಕ್ಕುಪತ್ರ ಸಿಕ್ಕಿಲ್ಲ. ಅವರ ಕಾಗದ ಮೊದಲು ಆಗಲಿ ಎಂದು ನನಗನಿಸುತ್ತದೆ, ನಿಮ್ಮ ದ್ವೀಪ ಆಮೇಲೆ.

ಜಲಾಶಯ ತುಂಬುವುದು 1819 ಅಡಿಗೆ. ಬೇಸಿಗೆಯಲ್ಲಿ ನೀರು ಇಳಿದಾಗ ನಿಮ್ಮ ದ್ವೀಪಕ್ಕೆ ದನಗಳು ನಡೆದುಕೊಂಡು ಬರುತ್ತವೆ.

ತುಂಗೆಯಲ್ಲಿ?

ಮಂಡಗದ್ದೆಯಲ್ಲಿ ಒಂದೆಕರೆಗಿಂತ ಸ್ವಲ್ಪ ದೊಡ್ಡ ನಡುಗಡ್ಡೆ ಇದೆ. ಅದನ್ನು ಬೆಳ್ಳಕ್ಕಿ, ನೀರುಕಾಗೆಗಳು ನಿಮಗಿಂತ ಮೊದಲೇ ಹಿಡಿದಿವೆ.

ಸಮುದ್ರಕ್ಕೆ ಹೋದರೆ ಹೇಗೆ? ಘಟ್ಟ ಇಳಿದರೆ ಹೊನ್ನಾವರ ಬಂತಲ್ಲ.

ಹೊನ್ನಾವರದ ಎದುರಿಗೇ ಬಸವರಾಜದುರ್ಗ ಇದೆ. ಕೆಳದಿಯವರ ಕೋಟೆ, ಅಂದರೆ ನಮ್ಮ ಕಡೆಯವರೇ ಒಂದು ಕಾಲಕ್ಕೆ ದ್ವೀಪ ಇಟ್ಟುಕೊಂಡಿದ್ದರು. ಅವರಿಗೆ ಸೈನ್ಯ ಇತ್ತು ಎಂಬುದನ್ನು ಮರೆಯಬೇಡಿ. ಮುರ್ಡೇಶ್ವರದ ಆಚೆಗಿನ ನೇತ್ರಾಣಿಯನ್ನು ನೌಕಾಪಡೆ ಗುಂಡಿನ ಗುರಿ ಅಭ್ಯಾಸಕ್ಕೆ ಬಳಸಿದೆ. ಲಕ್ಷದ್ವೀಪಕ್ಕೆ ಹೊರಗಿನವರು ಕಾಲಿಡಲೂ ಪರವಾನಗಿ ಬೇಕು. ನೀರಿನೊಳಗೇ ಏನಾದರೂ ಕಟ್ಟೋಣ ಎಂದರೆ ಸಂವಿಧಾನದ 297ನೇ ವಿಧಿ ಓದಿ. ದೇಶದ ಜಲಗಡಿಯೊಳಗಿನ ಸಮುದ್ರತಳ, ಅಲ್ಲಿನ ಖನಿಜ, ಬೆಲೆಬಾಳುವ ಎಲ್ಲವೂ ಕೇಂದ್ರ ಸರ್ಕಾರಕ್ಕೆ ಸೇರಿದ್ದು.

ಹಾಗಾದರೆ ಎಷ್ಟು ದೂರ ಹೋದರೆ ಯಾರ ಕಾನೂನೂ ಇರುವುದಿಲ್ಲ?

ಸಮುದ್ರದ ಲೆಕ್ಕ ನಾಟಿಕಲ್ ಮೈಲಿಯಲ್ಲಿ. ಒಂದಕ್ಕೆ 1.852 ಕಿ.ಮೀ. ವಿಶ್ವಸಂಸ್ಥೆಯ 1982ರ ಸಮುದ್ರ ಕಾನೂನಿನ ಒಪ್ಪಂದದ ಪ್ರಕಾರ ದಡದಿಂದ 12 ಮೈಲಿ, ಅಂದರೆ ಸುಮಾರು 22 ಕಿ.ಮೀ., ಪೂರ್ತಿ ಆ ದೇಶದ್ದೇ. ಸಾಗರದಿಂದ ಜೋಗ ಇದಕ್ಕಿಂತ ದೂರ ಇದೆ. 24 ಮೈಲಿವರೆಗೆ ಸುಂಕ, ವಲಸೆ, ಆರೋಗ್ಯದ ವಿಷಯದಲ್ಲಿ ತಡೆದು ಕೇಳುವ ಹಕ್ಕು ಇರುತ್ತದೆ. 200 ಮೈಲಿವರೆಗೆ, ಅಂದರೆ ಸುಮಾರು 370 ಕಿ.ಮೀ., ಮೀನು, ಎಣ್ಣೆ, ಗಾಳಿ, ಅಲೆ ಎಲ್ಲದರ ಲಾಭದ ಹಕ್ಕು ದಡದ ದೇಶಕ್ಕೆ. ಶಿವಮೊಗ್ಗದಿಂದ ಬೆಂಗಳೂರಿಗಿಂತಲೂ ದೂರ ಅದು.

ಜನ 12ರ ಗೆರೆ ದಾಟಿದರೆ ಸಾಕು ಎಂದುಕೊಳ್ಳುತ್ತಾರೆ. ಅದೇ ಒಪ್ಪಂದದ 60ನೇ ವಿಧಿ ಆ ಆಸೆಗೆ ಕಲ್ಲು ಹಾಕುತ್ತದೆ: 200 ಮೈಲಿಯೊಳಗೆ ಕೃತಕ ದ್ವೀಪ ಕಟ್ಟಿಸುವುದು, ಕಟ್ಟಲು ಬಿಡುವುದು ದಡದ ದೇಶದ ಹಕ್ಕು. ಕೃತಕ ದ್ವೀಪಕ್ಕೆ ನಿಜವಾದ ದ್ವೀಪದ ಸ್ಥಾನಮಾನವೂ ಇಲ್ಲ, ಅದರ ಸುತ್ತ ಜಲಗಡಿಯೂ ಹುಟ್ಟುವುದಿಲ್ಲ. 2019ರಲ್ಲಿ ಥಾಯ್ಲೆಂಡಿನ ಫುಕೆಟ್ ಆಚೆ, 12 ಮೈಲಿ ದಾಟಿದ್ದೇವೆ ಎಂಬ ಧೈರ್ಯದಲ್ಲಿ ಒಬ್ಬ ಅಮೆರಿಕದವನೂ ಅವನ ಥಾಯ್ ಸಂಗಾತಿಯೂ ತೇಲುವ ಪುಟ್ಟ ಮನೆಯೊಂದರಲ್ಲಿ ವಾಸವಾಗಿದ್ದರು. ಏಪ್ರಿಲ್‌ನಲ್ಲಿ ನೌಕಾಪಡೆ ಬಂದು ಮನೆಯನ್ನೇ ಎಳೆದುಕೊಂಡು ಹೋಯಿತು. ಹೊರಿಸಿದ ಆರೋಪಕ್ಕೆ ಅಲ್ಲಿನ ಕಾನೂನಿನಲ್ಲಿ ಮರಣದಂಡನೆವರೆಗೂ ಅವಕಾಶ ಇತ್ತು. ಇಬ್ಬರೂ ಅಷ್ಟರಲ್ಲಿ ಜಾಗ ಖಾಲಿ ಮಾಡಿದ್ದರು, ಬದುಕಿಕೊಂಡರು.

200 ದಾಟಿದ ಮೇಲಿನದು ಎಲ್ಲರ ಸಮುದ್ರ. ಎಲ್ಲರದ್ದು ಎಂದರೆ ಯಾರಿಗೂ ಅಲ್ಲಿ ರಾಜ್ಯ ಕಟ್ಟುವ ಹಕ್ಕಿಲ್ಲ ಎಂದರ್ಥ. ಗೋಮಾಳಕ್ಕೆ ಬೇಲಿ ಹಾಕಿ "ಇದು ಯಾರದ್ದೂ ಅಲ್ಲ, ಅದಕ್ಕೆ ನಂದು" ಎನ್ನುವವರನ್ನು ನೀವು ಕಂಡಿದ್ದೀರಿ. ಒಪ್ಪಂದದ 89ನೇ ವಿಧಿ ಅಂಥವರಿಗೆಂದೇ ಬರೆದಂತಿದೆ.

ಸೀಲ್ಯಾಂಡ್ ಇದೆಯಲ್ಲ! ಅವರು ಹೇಗೆ ಮಾಡಿದರು?

ಈ ಹೆಸರು ಬಾರದೆ ಯಾವ ಮಾತುಕತೆಯೂ ಮುಗಿದಿಲ್ಲ. ಎರಡನೇ ಮಹಾಯುದ್ಧದಲ್ಲಿ ಜರ್ಮನರನ್ನು ತಡೆಯಲು ಬ್ರಿಟನ್ನು ತನ್ನ ಪೂರ್ವ ಕರಾವಳಿಯಾಚೆ ಕಾಂಕ್ರೀಟಿನ ಕಂಬಗಳ ಮೇಲೆ ಕೋಟೆಗಳನ್ನು ನಿಲ್ಲಿಸಿತ್ತು. ಯುದ್ಧ ಮುಗಿದ ಮೇಲೆ ಪಾಳುಬಿಟ್ಟರು. ಸಫೋಕ್ ದಡದಿಂದ ಸುಮಾರು 7 ನಾಟಿಕಲ್ ಮೈಲಿ ದೂರದ ಒಂದು ಕೋಟೆಯನ್ನು ರಾಯ್ ಬೇಟ್ಸ್ ಎಂಬ ಮಾಜಿ ಮೇಜರ್ ಹಿಡಿದುಕೊಂಡು 1967ರ ಸೆಪ್ಟೆಂಬರ್ 2ರಂದು ದೇಶ ಎಂದು ಘೋಷಿಸಿದ. ಅವನ ಅದೃಷ್ಟಕ್ಕೆ ಆಗ ಬ್ರಿಟನ್ನಿನ ಜಲಗಡಿ ಬರೀ 3 ಮೈಲಿ. ಹತ್ತಿರ ಬಂದ ದೋಣಿಯ ಕಡೆ ಅವನ ಮಗ ಗುಂಡು ಹಾರಿಸಿದ ಪ್ರಕರಣ 1968ರಲ್ಲಿ ಕೋರ್ಟಿಗೆ ಹೋದಾಗ, ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದುಬಿಟ್ಟರು.

ಮುಂದಿನದು ನಮ್ಮ ದಾಯಾದಿ ಜಗಳಗಳನ್ನೂ ಮೀರಿಸುತ್ತದೆ. 1978ರಲ್ಲಿ, ತಾನೇ ಸೀಲ್ಯಾಂಡಿನ ಪ್ರಧಾನಿ ಎಂದುಕೊಳ್ಳುತ್ತಿದ್ದ ಅಖೆನ್‌ಬಾಖ್ ಎಂಬ ಜರ್ಮನ್, ಬೇಟ್ಸ್ ಊರಲ್ಲಿಲ್ಲದ ಹೊತ್ತು ನೋಡಿ ಬಾಡಿಗೆ ಬಂಟರನ್ನು ಕಳಿಸಿ ಕೋಟೆ ಹಿಡಿಸಿದ, ಮಗನನ್ನು ಒತ್ತೆ ಇಟ್ಟ. ಬೇಟ್ಸ್ ಹೆಲಿಕಾಪ್ಟರಿನಲ್ಲಿ ಇಳಿದು ವಾಪಸ್ ಹಿಡಿದ, ಸೆರೆಸಿಕ್ಕವರಲ್ಲಿ ಒಬ್ಬನನ್ನು ಬಿಡದೆ ಇಟ್ಟುಕೊಂಡ. ಅವನನ್ನು ಬಿಡಿಸಲು ಪಶ್ಚಿಮ ಜರ್ಮನಿ ಒಬ್ಬ ರಾಜತಾಂತ್ರಿಕನನ್ನು ಕಳಿಸಿತು. "ನೋಡಿ, ನಮ್ಮನ್ನು ದೇಶ ಅಂತ ಒಪ್ಪಿಕೊಂಡ ಹಾಗಾಯ್ತು" ಎಂಬುದು ಆ ಕುಟುಂಬದ ವಾದ. ಜರ್ಮನಿ ಹಾಗೆ ಹೇಳಿಲ್ಲ.

1987ರಲ್ಲಿ ಬ್ರಿಟನ್ ಜಲಗಡಿಯನ್ನು 12 ಮೈಲಿಗೆ ಚಾಚಿತು. ಕೋಟೆ ಒಳಗೆ ಬಿತ್ತು. ಈಗಲೂ ಕಾವಲಿಗೆ ಒಬ್ಬಿಬ್ಬರು ಇರುತ್ತಾರೆ, ಲಾರ್ಡ್ ಎಂಬ ಬಿರುದು ಆನ್‌ಲೈನಿನಲ್ಲಿ ಮಾರಾಟಕ್ಕಿದೆ. ಅಲ್ಲಿ ಸಂತೆ ಇಲ್ಲ, ಶಾಲೆ ಇಲ್ಲ. ಬ್ರಿಟನ್ನಿಗೆ ಅದನ್ನು ಒಡೆಯುವಷ್ಟು ತಲೆನೋವು ಬೇಕಾಗಿಲ್ಲ ಎಂಬುದೇ ಅದು ಉಳಿದ ಗುಟ್ಟು ಎಂದು ನನ್ನ ಅನಿಸಿಕೆ.

ಬೇರೆ ಯಾರೂ ಗೆದ್ದಿಲ್ಲವೇ?

ಗೆದ್ದವರ ಪಟ್ಟಿ ನನ್ನ ಹತ್ತಿರ ಇಲ್ಲ. ಸೋತವರಲ್ಲಿ ನನಗೆ ಇಷ್ಟದವನು ಇಟಲಿಯ ಎಂಜಿನಿಯರ್ ಜಾರ್ಜಿಯೊ ರೋಸಾ. ರಿಮಿನಿ ಎದುರಿನ ಸಮುದ್ರದಲ್ಲಿ, ಆಗಿನ ಇಟಲಿಯ ಗಡಿಯ ಸ್ವಲ್ಪ ಆಚೆ, 400 ಚದರ ಮೀಟರಿನ ಅಟ್ಟ ಕಟ್ಟಿ 1968ರ ಮೇ 1ರಂದು ಗಣರಾಜ್ಯ ಎಂದ. ಎಸ್ಪೆರಾಂಟೊ ಎಂಬ ಕೃತಕ ಭಾಷೆಯೇ ಅದರ ಭಾಷೆ. 55 ದಿನಕ್ಕೆ ಪೊಲೀಸರು ದೋಣಿಯಲ್ಲಿ ಬಂದರು, ಮರುವರ್ಷ ಫೆಬ್ರವರಿಯಲ್ಲಿ ಸಿಡಿಮದ್ದಿಟ್ಟು ಕೆಡವಿದರು. ನಮ್ಮಲ್ಲಿ ಅನಧಿಕೃತ ಕಟ್ಟಡಕ್ಕೆ ನೋಟಿಸು ಕೊಡುವುದಕ್ಕೇ ಅದಕ್ಕಿಂತ ಹೆಚ್ಚು ದಿನ ಬೇಕು.

1972ರಲ್ಲಿ ಅಮೆರಿಕದ ಮೈಕೆಲ್ ಆಲಿವರ್ ಮತ್ತು ಜೊತೆಗಾರರು ಫಿಜಿ-ಟೋಂಗಾ ಕಡೆಯ ಮಿನರ್ವಾ ಹವಳದ ದಿಬ್ಬಗಳ ಮೇಲೆ ಮರಳು ಸುರಿದು ತೆರಿಗೆ ಇಲ್ಲದ ದೇಶ ಕಟ್ಟಲು ಹೊರಟರು. ಕೆಲವೇ ತಿಂಗಳಲ್ಲಿ ಟೋಂಗಾದ ರಾಜ ತನ್ನ ಜನರನ್ನು ಕಟ್ಟಿಕೊಂಡು ಬಂದು ಬಾವುಟ ನೆಟ್ಟ, ಕಥೆ ಮುಗಿಯಿತು. ಈಚೆಗೆ, 2008ರಲ್ಲಿ ಶುರುವಾದ ಸೀಸ್ಟೆಡಿಂಗ್ ಇನ್‌ಸ್ಟಿಟ್ಯೂಟ್ ಇದೇ ಕನಸನ್ನು ಲೆಕ್ಕಾಚಾರದಿಂದ ಮಾಡಲು ಕೂತಿತು. 2017ರಲ್ಲಿ ಫ್ರೆಂಚ್ ಪಾಲಿನೇಶಿಯಾ ಸರ್ಕಾರದ ಜೊತೆ ತಿಳಿವಳಿಕೆ ಪತ್ರಕ್ಕೆ ಸಹಿ ಬಿತ್ತು, ಮರುವರ್ಷವೇ ಅಲ್ಲಿನವರು ಹಿಂದೆ ಸರಿದರು. ಊರಿನವರಿಗೆ ಇದರಿಂದ ಏನು ಸಿಗುತ್ತದೆ ಎಂಬ ಪ್ರಶ್ನೆ ಎದ್ದಿತ್ತು. ನ್ಯಾಯವಾದ ಪ್ರಶ್ನೆ.

ಹಡಗಾದರೆ ಓಡಾಡಬಹುದು. ಹಳೇ ಹಡಗು ಅಗ್ಗಕ್ಕೆ ಸಿಗುತ್ತದಂತೆ?

ಸಿಗುತ್ತದೆ. ಹಳೇ ಅಂಬಾಸಿಡರ್ ಕಾರೂ ಅಗ್ಗಕ್ಕೆ ಸಿಗುತ್ತದೆ, ಗ್ಯಾರೇಜಿನವನನ್ನು ಕೇಳಿ.

2020ರಲ್ಲಿ ಓಶನ್ ಬಿಲ್ಡರ್ಸ್ ಎಂಬ ಸಂಸ್ಥೆ 'ಪೆಸಿಫಿಕ್ ಡಾನ್' ಎಂಬ ವಿಹಾರದ ಹಡಗನ್ನು ಸುಮಾರು 95 ಲಕ್ಷ ಡಾಲರಿಗೆ ಕೊಂಡಿತು. 1991ರ ಹಡಗು, 245 ಮೀಟರ್ ಉದ್ದ, 777 ಕೋಣೆ. 'ಸತೋಶಿ' ಎಂದು ಹೊಸ ಹೆಸರಿಟ್ಟು, ಪನಾಮಾ ಕೊಲ್ಲಿಯಲ್ಲಿ ಲಂಗರು ಹಾಕಿ, ಕ್ರಿಪ್ಟೊ ಹಣದವರ ತೇಲುವ ಊರು ಮಾಡುವ ಯೋಜನೆ. ಬಿದ್ದದ್ದು ಎಲ್ಲಿ ಗೊತ್ತಾ? ಬಿರುಗಾಳಿಗಲ್ಲ, ಯುದ್ಧಕ್ಕಲ್ಲ. ವಿಮೆಗೆ! ಇಂಥ ಕೆಲಸಕ್ಕೆ ಹಡಗನ್ನು ವಿಮೆ ಮಾಡುವವರು ಯಾರೂ ಸಿಗಲಿಲ್ಲ. ವಿಮೆ ಇಲ್ಲದ ಹಡಗನ್ನು ಬಂದರಿನೊಳಗೆ ಯಾರು ಬಿಟ್ಟುಕೊಳ್ಳುತ್ತಾರೆ? ಗುಜರಾತಿನ ಅಲಂಗಿಗೆ ಗುಜರಿಗೆ ಮಾರುವ ಮಾತೂ ನಡೆದು, ಕೊನೆಗೆ ಇನ್ನೊಂದು ಪ್ರವಾಸಿ ಕಂಪನಿ ಕೊಂಡುಕೊಂಡಿತು. ಒಬ್ಬನೇ ಒಬ್ಬ ನಿವಾಸಿ ಅಲ್ಲಿ ಸಂಸಾರ ಹೂಡಲಿಲ್ಲ.

ಹಡಗೆಂದ ಮೇಲೆ ಒಂದು ದೇಶದ ಬಾವುಟ ಬೇಕೇ ಬೇಕು. ಪನಾಮಾ, ಲೈಬೀರಿಯಾ, ಮಾರ್ಷಲ್ ದ್ವೀಪಗಳಂಥ ದೇಶಗಳು ಶುಲ್ಕ ಪಡೆದು ಬಾವುಟ ಕೊಡುತ್ತವೆ. ಯಾರ ಬಾವುಟವೋ ಒಳಗೆ ಅವರ ಕಾನೂನು. ಬಾವುಟವೇ ಬೇಡ ಎಂದರೆ ಯಾವ ದೇಶದ ಯುದ್ಧನೌಕೆ ಬೇಕಾದರೂ ನಿಮ್ಮನ್ನು ನಿಲ್ಲಿಸಿ ಹತ್ತಿ ನೋಡಬಹುದು, ನಿಮ್ಮ ಪರ ಕೇಳುವವರು ಯಾರೂ ಇರುವುದಿಲ್ಲ. ಐದು ವರ್ಷದಲ್ಲಿ ಎರಡು ಸಲ ತಳ ಪರೀಕ್ಷೆ, ಪ್ರಮಾಣಪತ್ರ ಇರುವ ಕ್ಯಾಪ್ಟನ್ನು, ಎಂಜಿನ್ ಸಿಬ್ಬಂದಿ, ಕೊಳಚೆ ನೀರು ಎಲ್ಲಿ ಬಿಡಬಹುದು ಎಂಬ ನಿಯಮ, ಇವೆಲ್ಲ ಬೇರೆ. ನಿಂತಲ್ಲೇ ನಿಂತ ಹಡಗೂ ಎಣ್ಣೆ ಕುಡಿಯುತ್ತದೆ, ದೀಪ ಉರಿಯಬೇಕಲ್ಲ.

ನಡೆಯುತ್ತಿರುವ ಒಂದು ಉದಾಹರಣೆ 'ದಿ ವರ್ಲ್ಡ್'. 2002ರಿಂದ ಓಡುತ್ತಿದೆ, 165 ಮನೆಗಳಿವೆ, ಅಲ್ಲಿರುವವರೇ ಒಟ್ಟಾಗಿ ಹಡಗಿನ ಒಡೆಯರು. ಬಾವುಟ ಬಹಾಮಾಸ್ ದೇಶದ್ದು. ಸ್ವತಂತ್ರ ದೇಶ ಎಂದು ಅವರು ಎಂದೂ ಹೇಳಿಕೊಂಡಿಲ್ಲ. ಅವರಿಗೆ ಅದರ ದರಕಾರೂ ಇಲ್ಲ, ಕೋಟ್ಯಧೀಶರು.

ನಡುಸಮುದ್ರದಲ್ಲಿ ಒಬ್ಬ ಇನ್ನೊಬ್ಬನನ್ನು ಹೊಡೆದರೆ ಕೇಸು ಎಲ್ಲಿ?

ಸಾಮಾನ್ಯವಾಗಿ ಬಾವುಟದ ದೇಶದಲ್ಲಿ. ಆದರೆ ಅಷ್ಟು ಸಲೀಸಲ್ಲ. 2012ರ ಫೆಬ್ರವರಿಯಲ್ಲಿ ಕೇರಳದಿಂದ ಸುಮಾರು 20 ನಾಟಿಕಲ್ ಮೈಲಿ ಆಚೆ ಇಟಲಿಯ 'ಎನ್ರಿಕಾ ಲೆಕ್ಸಿ' ಹಡಗಿನಲ್ಲಿದ್ದ ನೌಕಾ ಸೈನಿಕರ ಗುಂಡಿಗೆ ನಮ್ಮ ಇಬ್ಬರು ಮೀನುಗಾರರು ಸತ್ತರು. ವಿಚಾರಣೆ ಯಾರದು ಎಂಬ ಜಗಳವೇ 2020ರವರೆಗೆ ಎಳೆಯಿತು. ಸೈನಿಕರ ವಿಚಾರಣೆ ಇಟಲಿಗೆ, ಪರಿಹಾರ ಭಾರತಕ್ಕೆ ಎಂದು ಅಂತಾರಾಷ್ಟ್ರೀಯ ನ್ಯಾಯಮಂಡಳಿ ಹೇಳಿತು. 10 ಕೋಟಿ ರೂಪಾಯಿ ಕಟ್ಟಿದ ಮೇಲೆ 2021ರಲ್ಲಿ ಸುಪ್ರೀಂ ಕೋರ್ಟು ಇಲ್ಲಿನ ಕೇಸು ಮುಚ್ಚಿತು. ಎರಡು ದೊಡ್ಡ ಸರ್ಕಾರಗಳ ಪಾಡೇ ಹೀಗಿದ್ದರೆ, ಹನ್ನೆರಡು ಜನರ ನಿಮ್ಮ ಗಣರಾಜ್ಯ ಯಾವ ಕೋರ್ಟಿನ ಮೆಟ್ಟಿಲು ಹತ್ತುತ್ತದೆ?

ದೇಶ ಅನ್ನಿಸಿಕೊಳ್ಳಲು ಏನೇನು ಬೇಕು? ಕೈಲಾಸದವರು ವಿಶ್ವಸಂಸ್ಥೆಗೇ ಹೋಗಿ ಬಂದರಲ್ಲ?

1933ರ ಮಾಂಟೆವಿಡಿಯೊ ಒಪ್ಪಂದದಲ್ಲಿ ನಾಲ್ಕು ಅಂಶ ಇವೆ: ಖಾಯಂ ಜನ, ಗೊತ್ತಾದ ನೆಲ, ಒಂದು ಸರ್ಕಾರ, ಬೇರೆ ದೇಶಗಳೊಂದಿಗೆ ವ್ಯವಹರಿಸುವ ಶಕ್ತಿ. ಮೊದಲ ಮೂರನ್ನು ಹೇಗಾದರೂ ಹೊಂದಿಸಬಹುದು. ನಾಲ್ಕನೆಯದು ಎದುರಿನವನ ಕೈಲಿದೆ. ನೀವು ಮದುವೆಗೆ ತಯಾರಾದರೆ ಸಾಲದು, ಹೆಣ್ಣಿನ ಕಡೆಯವರೂ ಒಪ್ಪಬೇಕು.

ಬಿಡದಿಯ ನಿತ್ಯಾನಂದ 2019ರಲ್ಲಿ ಸಾರಿದ 'ಕೈಲಾಸ'ದ ಪ್ರತಿನಿಧಿಗಳು 2023ರಲ್ಲಿ ಜಿನೀವಾದ ಸಭೆಯೊಂದರಲ್ಲಿ ಮಾತಾಡಿದ್ದು ನಿಜ. ಅದು ಸಾರ್ವಜನಿಕರಿಗೂ ತೆರೆದಿದ್ದ ಸಭೆ. ಅವರು ಹೇಳಿದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ವಿಶ್ವಸಂಸ್ಥೆಯ ಕಚೇರಿ ಹೇಳಿತು. ಅದೇ ವರ್ಷ ಅಮೆರಿಕದ ನ್ಯೂವರ್ಕ್ ನಗರ ಅವರ ಜೊತೆ ಸೋದರ ನಗರದ ಒಪ್ಪಂದ ಮಾಡಿಕೊಂಡು, ವಿಷಯ ತಿಳಿದ ಕೂಡಲೇ ರದ್ದು ಮಾಡಿತು. ಗ್ರಾಮಸಭೆಯಲ್ಲಿ ಎದ್ದು ನಿಂತು ಮಾತಾಡಿದವರೆಲ್ಲ ಪಂಚಾಯ್ತಿ ಮೆಂಬರಾಗುವುದಿಲ್ಲ.

ಪಾಸ್‌ಪೋರ್ಟ್ ನಾವೇ ಪ್ರಿಂಟ್ ಹಾಕಿಸಿದರೆ?

ನೋಡಲು ಚೆನ್ನಾಗಿರುತ್ತದೆ. ಆ ಉತ್ಸಾಹದಲ್ಲಿ ಭಾರತದ ಪೌರತ್ವ ಬಿಟ್ಟುಕೊಡಬೇಡಿ. ಯಾರೂ ಒಪ್ಪದ ದೇಶದ ಪ್ರಜೆಯಾದರೆ ನೀವು ಯಾವ ದೇಶದವರೂ ಅಲ್ಲ, ಮಂಗಳೂರಿನಲ್ಲಿ ವಿಮಾನ ಇಳಿದರೆ ಹೊರಗೆ ಬರುವುದೇ ಕಷ್ಟ.

ತೆರಿಗೆಯಾದರೂ ಉಳಿಯುತ್ತಾ?

ಅಂಥವರಿಗಾಗಿಯೇ 2020ರಲ್ಲಿ ಕಾನೂನು ತಿದ್ದಿದ್ದಾರೆ. ಬೇರೆ ಎಲ್ಲೂ ತೆರಿಗೆ ಕಟ್ಟುವ ಹೊಣೆ ಇಲ್ಲದ ಭಾರತೀಯ ಪ್ರಜೆಯ ಆದಾಯ, ವಿದೇಶದ ಗಳಿಕೆ ಬಿಟ್ಟು, 15 ಲಕ್ಷ ಮೀರಿದರೆ ಅವನು ಎಲ್ಲಿದ್ದರೂ ಇಲ್ಲಿನ ನಿವಾಸಿ ಎಂದೇ ಲೆಕ್ಕ.

ನೀರು, ಅಕ್ಕಿ, ಕರೆಂಟು, ಆಸ್ಪತ್ರೆ?

ಇದನ್ನು ಮೊದಲನೇ ಪ್ರಶ್ನೆಯಾಗಿ ಕೇಳಿದವರು ಈವರೆಗೆ ಒಬ್ಬರೇ. ಹೊಸನಗರ ಕಡೆಯ ಒಬ್ಬ ಅಜ್ಜಿ, ಮೊಮ್ಮಗನ ಜೊತೆ ಬಂದಿದ್ದರು. "ಅಲ್ಲಿ ಬಾಣಂತಿಗೆ ಬಿಸಿನೀರು ಕಾಯಿಸೋಕೆ ಕಟ್ಟಿಗೆ ಎಲ್ಲಿಂದ ತರ್ತೀರೋ?" ಎಂದರು. ಮೊಮ್ಮಗ ಸೋಲಾರ್ ಎಂದ. ಜುಲೈ ತಿಂಗಳಲ್ಲಿ ಬಿಸಿಲು ಎಲ್ಲಿಂದ ತರ್ತೀಯ ಎಂದು ಅಜ್ಜಿ ಕೇಳಲಿಲ್ಲ, ನಾನೂ ಸುಮ್ಮನಿದ್ದೆ.

ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ನೋಡಿದ ನಮಗೆ ನೀರಿನ ಬರ ಎಂದರೆ ಅಷ್ಟಾಗಿ ಅರ್ಥವಾಗುವುದಿಲ್ಲ. ಹವಳದ ದ್ವೀಪದಲ್ಲಿ ಮರಳಿನ ಕೆಳಗೆ ಸಿಹಿನೀರು ತೆಳ್ಳಗೆ ತೇಲುತ್ತಿರುತ್ತದೆ. ಹೆಚ್ಚು ಎತ್ತಿದರೆ ಉಪ್ಪು ಬರುತ್ತದೆ. ಲಕ್ಷದ್ವೀಪದ ಕವರತ್ತಿಯಲ್ಲಿ 2005ರಲ್ಲಿ, ಸಮುದ್ರದ ಮೇಲಿನ ಬಿಸಿನೀರಿಗೂ ಆಳದ ತಣ್ಣೀರಿಗೂ ಇರುವ ವ್ಯತ್ಯಾಸದಿಂದ ದಿನಕ್ಕೆ ಒಂದು ಲಕ್ಷ ಲೀಟರು ಕುಡಿಯುವ ನೀರು ತೆಗೆಯುವ ಘಟಕ ಹಾಕಿದರು. ಒಳ್ಳೆಯ ಕೆಲಸ. ಅದನ್ನು ಮಾಡಿದ್ದು ಒಂದು ಸರ್ಕಾರಿ ಸಂಶೋಧನಾ ಸಂಸ್ಥೆ, ಹನ್ನೆರಡು ಜನ ಸ್ನೇಹಿತರಲ್ಲ.

ದ್ವೀಪದಲ್ಲಿ ಬದುಕುವುದು ಹೇಗೆಂದು ತಿಳಿಯಲು ಪೆಸಿಫಿಕ್ಕಿಗೆ ಹೋಗಬೇಕಾಗಿಲ್ಲ, ತುಮರಿಗೆ ಹೋಗಿ. ಹಿನ್ನೀರು ಮೂರು ಕಡೆ ಸುತ್ತುವರಿದು ಕರೂರು, ಬಾರಂಗಿ ಹೋಬಳಿಗಳು ಅರವತ್ತು ವರ್ಷ ಲಾಂಚನ್ನೇ ನಂಬಿ ಬದುಕಿದವು. ನನ್ನ ದೊಡ್ಡಮ್ಮನ ಮನೆ ಆ ಕಡೆ. ಚಿಕ್ಕವನಿದ್ದಾಗ ಹೊಳೆಬಾಗಿಲಿನ ಕಡವಿನಲ್ಲಿ ಲಾಂಚಿಗೆ ಕಾಯುವುದೇ ನನಗೆ ಹಬ್ಬ. ದೊಡ್ಡಮ್ಮನಿಗೆ ಹಾಗಿರಲಿಲ್ಲ. ಸಂಜೆಯ ಕಡೇ ಲಾಂಚ್ ಹೋದ ಮೇಲೆ ಯಾರಿಗಾದರೂ ಎದೆನೋವು ಬಂದರೆ, ಹೆರಿಗೆ ನೋವು ಬಂದರೆ, ಇಲ್ಲವೇ ಸುತ್ತುಹಾದಿಯಲ್ಲಿ ಕಾಡು ದಾಟಿ ಹೋಗು, ಇಲ್ಲವೇ ಬೆಳಗಾಗಲಿ ಎಂದು ದೇವರ ಮುಂದೆ ದೀಪ ಹಚ್ಚು. ಬೇಸಿಗೆಯಲ್ಲಿ ನೀರು ಇಳಿದರೆ ಲಾಂಚಿಗೆ ವಾಹನ ಹತ್ತಿಸುವಂತಿರಲಿಲ್ಲ. ಮದುವೆ ದಿನ ಗೊತ್ತು ಮಾಡುವಾಗ ಪುರೋಹಿತರಿಗಿಂತ ಮೊದಲು ಲಾಂಚಿನವರನ್ನು ಕೇಳುತ್ತಿದ್ದರು. 2025ರ ಜುಲೈ 14ರಂದು ಎರಡೂವರೆ ಕಿ.ಮೀ. ಹತ್ತಿರದ ಸೇತುವೆ ತೆರೆಯಿತು. ಅವತ್ತು ಆ ಜನ ಕುಣಿದದ್ದನ್ನು ನೋಡಿದ ಮೇಲೆ, ದುಡ್ಡು ಕೊಟ್ಟು ದ್ವೀಪ ಕೊಳ್ಳುತ್ತೇನೆ ಎನ್ನುವವರು ಎದುರಿಗೆ ಕೂತರೆ ನನಗೆ ಏನು ಹೇಳಬೇಕೆಂದೇ ತೋಚುವುದಿಲ್ಲ.

ಆದ್ದರಿಂದ ನಾನು ಎಲ್ಲರಿಗೂ ಕೇಳುವ ತಿರುಗು ಪ್ರಶ್ನೆ ಒಂದೇ: ನಿಮ್ಮ ಕಡವು ಯಾರ ಕೈಲಿದೆ? ಎಣ್ಣೆ, ಔಷಧಿ, ಅಕ್ಕಿ ಯಾವ ದಡದಿಂದ ಬರುತ್ತದೋ ಆ ದಡದವರೇ ನಿಮ್ಮ ಸರ್ಕಾರ, ನೀವು ಒಪ್ಪಿದರೂ ಅಷ್ಟೆ, ಒಪ್ಪದಿದ್ದರೂ ಅಷ್ಟೆ.

ನಮ್ಮ ಜಿಲ್ಲೆಯಲ್ಲೇ ಯಾರಾದರೂ ಸ್ವತಂತ್ರ ಅಂತ ಸಾರಿದ್ದುಂಟಾ?

ಉಂಟು, ಅದೂ ನೀರಿಲ್ಲದ ಕಡೆ. ಶಿಕಾರಿಪುರ ತಾಲ್ಲೂಕಿನ ಈಸೂರು. 1942ರಲ್ಲಿ ಊರಿನವರು ಕಂದಾಯ ಕೊಡುವುದಿಲ್ಲ ಎಂದರು, ಹುಡುಗರನ್ನೇ ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಎಂದು ನೇಮಿಸಿ ತಮ್ಮದೇ ಸರ್ಕಾರ ಮಾಡಿಕೊಂಡರು. "ಏಸೂರು ಕೊಟ್ಟರೂ ಈಸೂರು ಕೊಡೆವು" ಎಂಬ ಮಾತು ನಮಗೆಲ್ಲ ಬಾಯಿಪಾಠ. ಆ ಸೆಪ್ಟೆಂಬರಿನಲ್ಲಿ ಗಲಾಟೆಯಾಗಿ ನಿಜವಾದ ಅಮಲ್ದಾರರೂ ಸಬ್ ಇನ್ಸ್‌ಪೆಕ್ಟರರೂ ಸತ್ತರು. ಆಮೇಲೆ ಸೈನ್ಯ ಬಂತು, ಜನ ಊರು ಬಿಟ್ಟು ಕಾಡು ಸೇರಿದರು. 1943ರ ಮಾರ್ಚಿನಲ್ಲಿ ಐವರನ್ನು ಗಲ್ಲಿಗೇರಿಸಿದರು. ಅವರು ಜಗತ್ತಿನಿಂದ ಬೇರೆಯಾಗಿ ಆರಾಮ ಇರಲು ಹೊರಟವರಲ್ಲ, ಇಡೀ ದೇಶ ಬಿಡುಗಡೆಯಾಗಲಿ ಎಂದವರು. ವೈಫೈ ಮತ್ತು ತೆರಿಗೆಯ ವಿಷಯಕ್ಕೆ ಈಸೂರಿನ ಹೆಸರು ಎಳೆದು ತರಬೇಡಿ ಎಂದು ಒಬ್ಬರಿಗೆ ಗದರಿಯೂ ಇದ್ದೇನೆ.

ಸರಿ, ದೇಶ ಬೇಡ. ಇಲ್ಲೇ, ಕಾನೂನಿನೊಳಗೇ, ನಮ್ಮ ಥರ ಬದುಕಲು ದಾರಿ ಇದೆಯಾ?

ಈಗ ನನ್ನ ಕಸುಬಿಗೆ ಬಂದಿರಿ, ಕುಳಿತುಕೊಳ್ಳಿ.

ಎಲ್ಲರೂ ಹೇಳುವ ಉದಾಹರಣೆ ಪುದುಚೇರಿ ಹತ್ತಿರದ ಆರೋವಿಲ್. 1968ರ ಫೆಬ್ರವರಿ 28ರಂದು 124 ದೇಶಗಳ ಮಣ್ಣು ಒಂದು ಪಾತ್ರೆಗೆ ಹಾಕಿ ಶುರುಮಾಡಿದರು. ಅದು ಯಾರ ಸ್ವತ್ತೂ ಅಲ್ಲ ಎಂದೇ ಅವರ ಮಾತು. ಆದರೆ ನಡುವೆ ಆಸ್ತಿ, ಅಧಿಕಾರದ ಜಗಳ ಎದ್ದು, 1988ರಲ್ಲಿ ಸಂಸತ್ತು ಒಂದು ಕಾಯಿದೆಯನ್ನೇ ಮಾಡಿ ಪ್ರತಿಷ್ಠಾನಕ್ಕೆ ಒಪ್ಪಿಸಿತು. ಈಗ ನಿವಾಸಿಗಳಿಗೂ ಆಡಳಿತ ಮಂಡಳಿಗೂ ತಿಕ್ಕಾಟ ಕೋರ್ಟು ಮುಟ್ಟಿದೆ. ಘಟ್ಟದ ಅಂಚಿನ ಮುಂಡಗೋಡಿನಲ್ಲಿ 1966ರಿಂದ ಟಿಬೆಟನ್ನರು ಇದ್ದಾರೆ. ಅವರ ಭಾಷೆ, ಶಾಲೆ, ಮಠ ಎಲ್ಲ ಅವರದ್ದೇ, ನೆಲ ಮಾತ್ರ ನಮ್ಮ ಸರ್ಕಾರ ಕೊಟ್ಟದ್ದು. ದೇಶ ಕಳೆದುಕೊಂಡವರು ಅಷ್ಟು ಚೆನ್ನಾಗಿ ಊರು ಕಟ್ಟಿದ್ದಾರೆ.

ನನಗೆ ಹತ್ತಿರದ್ದು ಹೆಗ್ಗೋಡು. 1949ರಲ್ಲಿ ಹಳ್ಳಿಯ ಕೆಲವರು ನಾಟಕ ಆಡಲು ಕಟ್ಟಿಕೊಂಡ ಸಂಘ ನೀನಾಸಂ. ಕೆ.ವಿ. ಸುಬ್ಬಣ್ಣನವರು ಅದನ್ನು ಬೆಳೆಸಿದ ಪರಿಗೆ 1991ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ಪಕ್ಕದಲ್ಲೇ ಚರಕದ ಹೆಂಗಸರು ನೇಯ್ಗೆಯ ಸಹಕಾರ ಸಂಘ ನಡೆಸುತ್ತಾರೆ. ಅಲ್ಲಿ ಗಡಿ ಇಲ್ಲ, ಬಾವುಟ ಇಲ್ಲ. ಅಡಿಕೆ ಕೊಯ್ಲಿನ ದಿನ ನಾಟಕದವರೂ ತೋಟದಲ್ಲಿ ಸಿಗುತ್ತಾರೆ.

ಕಾಗದದ ಮಟ್ಟಿಗೆ ದಾರಿ ಮೂರು: ಟ್ರಸ್ಟ್, ನೋಂದಾಯಿತ ಸಂಘ, ಇಲ್ಲವೇ ಸಹಕಾರ ಸಂಘ. ಒಬ್ಬನಿಗೆ ಒಂದೇ ಓಟು ಇರಲಿ, ಹೆಚ್ಚು ದುಡ್ಡು ಹಾಕಿದವನು ಯಜಮಾನನಾಗದಿರಲಿ ಎಂದಿದ್ದರೆ ಸಹಕಾರ ಸಂಘವೇ ಸರಿ. ಭೂಸುಧಾರಣಾ ಕಾಯಿದೆಯ 79ಎ, 79ಬಿ ಕಲಂಗಳನ್ನು 2020ರಲ್ಲಿ ತೆಗೆದ ಮೇಲೆ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು, ಎಕರೆಯ ಮಿತಿ ಮಾತ್ರ ಹಾಗೇ ಇದೆ. ಮಲೆನಾಡಿನಲ್ಲಿ ಜಮೀನಿನ ಬೆಲೆಗಿಂತ ಅದರ ಜಾತಕ ಮುಖ್ಯ. ತೋಟಕ್ಕೆ ಸೊಪ್ಪು ತರಲು ಬಿಟ್ಟ ಸೊಪ್ಪಿನಬೆಟ್ಟವೋ, ಕಾನು ಎನ್ನುವ ಕಾಡೋ, ಬಗರ್‌ಹುಕುಂ (ಸರ್ಕಾರಿ ನೆಲದ ಅನಧಿಕೃತ ಸಾಗುವಳಿ) ಮಂಜೂರಾತಿಯೋ, ಮಾರಬಾರದೆಂಬ ಷರತ್ತಿನ ಅವಧಿ ಮುಗಿದಿದೆಯೋ, ಎಲ್ಲ ನೋಡಬೇಕು. "ಬೆಟ್ಟವೂ ಸೇರಿ ಎಂಟು ಎಕರೆ" ಎಂದು ಹೇಳಿ ಮಾರುವವರ ಎಂಟರಲ್ಲಿ ಖಾತೆ ಇರುವುದು ಮೂರಕ್ಕೆ ಮಾತ್ರ ಇರುತ್ತದೆ.

ಎಷ್ಟು ಜನ ಇದ್ದರೆ ಒಳ್ಳೆಯದು?

ಒಬ್ಬರಿಗೆ ಜ್ವರ ಬಂದರೂ ದನಕ್ಕೆ ಹುಲ್ಲು ಬೀಳುವಷ್ಟು.

ನಾವೆಲ್ಲ ಹತ್ತು ವರ್ಷದ ಸ್ನೇಹಿತರು. ನಿಯಮಾವಳಿ ಅಂತ ಬೇಕಾ?

ನಾನು ಬರೆದ ವಿಭಾಗಪತ್ರಗಳೆಲ್ಲ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರದ್ದು. ನೀವು ಬರೀ ಸ್ನೇಹಿತರು.

ಜನ ತತ್ವದ ಬಗ್ಗೆ ಹದಿನಾಲ್ಕು ಪುಟ ಬರೆದು ತರುತ್ತಾರೆ. ಬಿಟ್ಟು ಹೋಗುವವನ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಅದನ್ನು ಮೊದಲು ಬರೆಯಿರಿ. ಹೋಗುವವನಿಗೆ ಅವನ ಪಾಲಿನ ದುಡ್ಡು ಎಷ್ಟು ದಿನದಲ್ಲಿ, ಯಾವ ಬೆಲೆಗೆ? ಹಾಕಿದ ಬೆಲೆಗೋ, ಇವತ್ತಿನ ಬೆಲೆಗೋ? ಅವನು ಕಟ್ಟಿದ ಮನೆ ಯಾರಿಗೆ? ಸತ್ತರೆ ಮಕ್ಕಳಿಗೆ ಸದಸ್ಯತ್ವ ತಾನಾಗಿ ಬರುತ್ತದೋ, ಉಳಿದವರು ಒಪ್ಪಬೇಕೋ? ಸೊಸೆಗೆ ಓಟು ಇದೆಯೋ? ಆಮೇಲೆ ಬಾವಿ. ಬೇಸಿಗೆಯಲ್ಲಿ ಪಂಪು ಯಾರ ಮನೆಗೆ ಎಷ್ಟು ಹೊತ್ತು ಎಂದು ಬರೆಯದ ಯಾವ ಸಂವಿಧಾನವೂ ಏಪ್ರಿಲ್ ದಾಟುವುದಿಲ್ಲ. ಅಡುಗೆ ಒಟ್ಟಿಗೆ ಎಂದರೆ ಪಾತ್ರೆ ತೊಳೆಯುವ ಸರದಿ. ನಗಬೇಡಿ. ತಾಳಗುಪ್ಪದ ಕಡೆ ಆರು ಜನ ಸೇರಿ ಮಾಡಿದ ಒಂದು ತೋಟದ ಮನೆ ಒಡೆದದ್ದು ನಾಯಿಗೆ ಮೀನು ಹಾಕಬಹುದೋ ಬಾರದೋ ಎಂಬ ಮಾತಿಗೆ. ಆ ಪತ್ರವನ್ನೂ ನಾನೇ ಬರೆದೆ, ನಾಯಿ ಯಾರಿಗೆ ಎಂಬ ಷರತ್ತಿನ ಸಮೇತ.

ಹೆಸರಿಟ್ಟಾಗಿದೆ, ಲೋಗೊ ಆಗಿದೆ, ಬಾವುಟಕ್ಕೆ ಬಟ್ಟೆಯೂ ತಂದಿದ್ದೇವೆ. ಮುಂದೆ?

ಬಟ್ಟೆ ಹಾಗೇ ಇರಲಿ, ಮಳೆಗಾಲದಲ್ಲಿ ಅಡಿಕೆ ಮುಚ್ಚಲು ಆಗುತ್ತದೆ. ಕೊಳ್ಳಬೇಕೆಂದಿರುವ ಜಮೀನಿನ ಪಹಣಿ, ಮ್ಯುಟೇಶನ್, ಸರ್ವೆ ನಕ್ಷೆ, ಮೂವತ್ತು ವರ್ಷದ ಇ.ಸಿ. (ಋಣಭಾರ ಪತ್ರ), ಮಂಜೂರಾದ ಜಮೀನಾದರೆ ಮೂಲ ಆದೇಶದ ನಕಲು, ಇಷ್ಟು ತನ್ನಿ. ಮತ್ತೆ ಆಷಾಢದಲ್ಲಿ ಒಮ್ಮೆ ಎಲ್ಲರೂ ಒಟ್ಟಿಗೆ ಹೋಗಿ ಆ ಜಾಗದಲ್ಲಿ ಹದಿನೈದು ದಿನ ಇದ್ದು ಬನ್ನಿ. ಕರೆಂಟು ಹೋದಾಗ, ಉಂಬಳ ಕಚ್ಚಿದಾಗ, ಹಳ್ಳ ತುಂಬಿ ಹಾಲಿನವನು ಬಾರದಿದ್ದಾಗ. ವಾಪಸ್ ಬಂದ ಮೇಲೂ ಒಂದೇ ಕಾರಿನಲ್ಲಿ ನನ್ನ ಹತ್ತಿರ ಬಂದರೆ ಕರಡು ಶುರು ಮಾಡೋಣ. ಮಧ್ಯಾಹ್ನ ಒಂದರಿಂದ ಎರಡೂವರೆ ಊಟಕ್ಕೆ ಹೋಗಿರುತ್ತೇನೆ.